ಸಿಲ್ವೆಸ್ಟರ್ ತೆಗೆದುಕೊಳ್ಳದ ಬೆಸಾಂವ್

ನಗುವವರು ಈಗಲೇ ಎದ್ದು ಹೋಗಿ. ಇದು ಕಾಪುವಿನಲ್ಲಿ ನಮ್ಮ ನೆರೆಮನೆಯ ಸಿಲ್ವೆಸ್ಟರನಿಗೆ ಆದದ್ದು, ಇಸವಿ ಎಂಬತ್ನಾಲ್ಕರಲ್ಲಿ.

ಬೊಂಬಾಯಿ ಬಸ್ಸು ಅವನನ್ನು ಹೆದ್ದಾರಿಯಲ್ಲಿ ಇಳಿಸಿದಾಗ ರಾತ್ರಿ ಒಂದು ಗಂಟೆ. ತಲೆಯ ಮೇಲೆ ಟ್ರಂಕು. ಕಿಸೆಯಲ್ಲಿ ಟೆಲಿಗ್ರಾಂ: ಅಮ್ಮನಿಗೆ ಕಾಯಿಲೆ ಜೋರುಂಟು, ಬೇಗ ಬಾ. ಎರಡು ವರ್ಷದ ಹಿಂದೆ ಅಮ್ಮನೊಡನೆ ಜಗಳವಾಡಿ, ಬೆಸಾಂವ್ ಬೇಡದೆ ಕುವೈಟಿಗೆ ಹೋದವನು. ಹಿರಿಯರ ಆ ಆಶೀರ್ವಾದವಿಲ್ಲದೆ ನಮ್ಮಲ್ಲಿ ಯಾರೂ ದೂರದೂರಿಗೆ ಹೊಸ್ತಿಲು ದಾಟುವುದಿಲ್ಲ. ಅದೊಂದು ಸಿಕ್ಕಿದರೆ ಸಾಕು ದೇವರೇ, ಎನ್ನುತ್ತಲೇ ಓಡುನಡಿಗೆಯಲ್ಲಿ ಬರುತ್ತಿದ್ದ.

ಬಾವಿಯ ಹತ್ತಿರ... ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆಮೇಲೆ ಕೊಡ ನೀರಿಗೆ ತಾಗಿದ್ದು, ಬುಳುಕ್.

ಕಟ್ಟೆಯಲ್ಲಿ ಅಮ್ಮ ಕೂತಿದ್ದಳು.

“ಬಂದೆಯಾ ಪುತಾ?” ಪಿಸುದನಿ.

“ಅಮ್ಮಾ... ಹುಷಾರಾಯಿತಾ ನಿನಗೆ?”

“ಕಾಲು ನೋಯುತ್ತದೆ. ಎಷ್ಟು ನಡೆಸಿದೆ ಮಾರಾಯ ನೀನು... ಆ ಕುವೈಟಿನ ವಿಮಾನ ನಿಲ್ದಾಣದ ನೆಲ ಎಂತ ತಣ್ಣಗೆ. ದುಬಾಯಿಯಲ್ಲಿ ಗಾಜಿನ ಬಾಗಿಲು ಮುಟ್ಟುವ ಮೊದಲೇ ತೆರೆಯಿತು. ಹೆದರಿ ನಿನ್ನ ಅಂಗಿ ಹಿಡಿದುಕೊಂಡೆ. ನಡುರಾತ್ರಿ ಅಷ್ಟು ದೀಪ ಉರಿಸುತ್ತಾರಲ್ಲ, ಅಲ್ಲಿಯವರಿಗೆ ನಿದ್ರೆ ಉಂಟಾ? ಬೊಂಬಾಯಿಯೇ ವಾಸಿ, ಸೊಳ್ಳೆಯಾದರೂ ನಮ್ಮದು. ನೀನು ಟ್ರಂಕಿನ ಮೇಲೆ ತಲೆಯಿಟ್ಟು ಮಲಗಿದೆ. ನಾನು ಕಾದು ಕೂತೆ.”

ಉಡುಪಿಯಿಂದಾಚೆ ಕಾಲಿಡದ ಹೆಂಗಸು. ಜ್ವರದ ಕನವರಿಕೆ ಅಂದುಕೊಂಡ... ಆದರೆ ಬೊಂಬಾಯಿಯಲ್ಲಿ ಅವನು ಮಲಗಿದ್ದು ಹಾಗೆಯೇ.

ಅವಳು ಬಲಗೈ ಎತ್ತಿದಳು. “ಬೆಸಾಂವ್ ತೆಗೆದುಕೋ.”

“ಇಲ್ಲಿಯಾ? ಚಪ್ಪಲಿ ಹಾಕಿಕೊಂಡು, ಕತ್ತಲಲ್ಲಿ? ಮನೆಗೆ ಹೋಗುವ. ಶಿಲುಬೆಯ ಮುಂದೆ ಮೊಣಕಾಲೂರಿ ಸರಿಯಾಗಿ ತೆಗೆದುಕೊಳ್ಳುತ್ತೇನೆ.”

ಇಳಿಸಿದ್ದ ಟ್ರಂಕನ್ನು ಎತ್ತಿ ತಿರುಗಿದ... ಕಟ್ಟೆ ಖಾಲಿ. ಕೈಗೆ ಬಂದದ್ದನ್ನು ಬಿಟ್ಟ ಬೆಪ್ಪ.

ಅಂಗಳದಲ್ಲಿ ಪೆಟ್ರೋಮ್ಯಾಕ್ಸ್ ಭುಸ್ಸೆನ್ನುತ್ತಿತ್ತು. ಒಳಗೆ ಜಪಸರದ ಪ್ರಾರ್ಥನೆ. ತಂಗಿ ಇಮೆಲ್ಡಾ ಹೊರಗೆ ಬಂದಳು.

“ಅಣ್ಣಾ... ಅಮ್ಮ ಮೊನ್ನೆ ಬೆಳಿಗ್ಗೆಯೇ ಹೋದಳು. ನೀನು ಬರಲಿ ಎಂದು ಐಸ್ ಹಾಕಿ ಇಟ್ಟಿದ್ದೇವೆ.”

ಅಮ್ಮನ ಎಡಗೈ ಎದೆಯ ಮೇಲಿತ್ತು. ಬಲಗೈ ಎದ್ದು ನಿಂತಿತ್ತು. ಈಗಷ್ಟೇ ಎದ್ದಿತು, ಎಷ್ಟು ಒತ್ತಿದರೂ ಮಡಚುತ್ತಿಲ್ಲ, ಅಂದಳು ಇಮೆಲ್ಡಾ. ಸಿಲ್ವೆಸ್ಟರ್ ಮೊಣಕಾಲೂರಿ, ಅದರ ಕೆಳಗೆ ತಲೆಯಿಟ್ಟು ಬೆಳಗಿನವರೆಗೆ ಅತ್ತ. ಕೈ ಇಳಿಯಲಿಲ್ಲ.

ಸುಳ್ಳೆನ್ನುವವರು ಉಚ್ಚಿಲದ ಬಡಗಿ ಮೌರಿಸನನ್ನು ಕೇಳಿ, ಇನ್ನೂ ಇದ್ದಾನೆ. ಶವಪೆಟ್ಟಿಗೆಯ ಮುಚ್ಚಳ ಕೂರದೆ, ಸುತ್ತಲೂ ಆರು ಇಂಚಿನ ಹಲಗೆ ಹೊಡೆದು ಎತ್ತರಿಸಿದವನು ಅವನೇ.