ಒಂದು ಸಲ ಸಾಕು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಆಕಳಿಸುತ್ತಾ ಕೂತಿದ್ದ ಲಾರಿ ಡ್ರೈವರ್‌ಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಆಪರೇಷನ್ನಿಗೆ ಮುಂಚೆ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಟೀಚರಮ್ಮನಿಗೆ, ಅವರ ಯಜಮಾನರು ತಾವೇ ಬರೆದ ಪ್ರೇಮಪದ್ಯ ಓದಿ ಹೇಳಿದ್ದರು.

"ಎರಡನೇ ಸಾಲಲ್ಲಿ ಒಂದು ಮಾತ್ರೆ ಹೆಚ್ಚಾಯ್ತು ರೀ. ಲಯ ಕುಂಟುತ್ತೆ."

"ನನ್ನ ಮಂಡಿ ಥರ. ಪ್ರಾಸ?"

"ಕತ್ತು ಹಿಡಿದು ಎಳ್ಕೊಂಡು ಬಂದ ಹಾಗಿದೆ."

"ಮೊದಲನೇ ಪದ್ಯ ಕಣೇ, ಸ್ವಲ್ಪ ಧಾರಾಳವಾಗಿ ಮಾರ್ಕ್ಸ್ ಹಾಕು."

"ಅದಿರಲಿ, ಪ್ರತಿ ಚರಣದ ಕೊನೆಗೂ 'ಇಲ್ಲೇ ಇದ್ದೀನಿ' ಅಂತ ಯಾಕೆ? ಒಂದು ಸಲ ಹೇಳಿದರೆ ಸಾಕು."

"ಸರಿ, ಹೊಡೆದು ಹಾಕ್ತೀನಿ."

ನರ್ಸ್ ಬಂದು ಆಕೆಯ ಕೈ ಹಿಡಿದು ನಡೆಸಿಕೊಂಡು ಹೊರಟಳು. ಬಾಗಿಲ ಹತ್ತಿರ ಟೀಚರಮ್ಮ ಗಕ್ಕನೆ ನಿಂತರು.

"ರೀ..."

"ಇಲ್ಲೇ ಇದ್ದೀನಿ."

"ಇನ್ನೊಂದು ಸಲ ಹೇಳಿ."