ಟೇಪು ಕತ್ತರಿಸಿದ ಜಾಗ

ಪಿರಿಯಾಪಟ್ಟಣ ಬಸ್ ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಸಿಂಧು ರೀಚಾರ್ಜಿಗೆ ಕಾಯುತ್ತ ಮೂಲೆಗೆ ಸರಿದು ನಿಂತಿದ್ದಳು. ಅವಳ ಮುಂದೆ ನರೆತಲೆಯ ಗೆಳೆಯರಿಬ್ಬರು, ಜವರಪ್ಪ ಮತ್ತು ಪುಟ್ಟಸ್ವಾಮಿ, ಕಾಯಿಲೆ ಬಿದ್ದ ಗೆಳೆಯ ದಾಸನಿಗಾಗಿ ಪೆನ್‌ಡ್ರೈವ್‌ಗೆ ಹಾಡು ಹಾಕಿಸುತ್ತಿದ್ದರು. ಹಳೆಯ ಇಂಗ್ಲಿಷ್ ರಾಕ್ ಬ್ಯಾಂಡೊಂದರ ಆಯ್ದ ಹಾಡುಗಳ ಎರಡು ಆಲ್ಬಂ, ಒಂದು ಚಿಕ್ಕದು, ಒಂದು ನಲವತ್ತು ಹಾಡಿನದು, ಕಂಪ್ಯೂಟರಿನಲ್ಲಿ ಕಾಣುತ್ತಿದ್ದವು.

"ನಲವತ್ತು ಹಾಡಿಂದು ಹಾಕ್ಸು ಕಣ್ಲಾ ಜವರ."

"ಬ್ಯಾಡ ಬುಡು ಪುಟ್ಟ. ನಮ್ ಕ್ಯಾಸೆಟ್ನಲ್ಲಿ ಇದ್ದಿದ್ದೇ ಹನ್ನೆರಡು. ದಾಸಂಗೆ ಗೊತ್ತಿರೋದೂ ಅಷ್ಟೇಯ."

"ಆ ಕ್ಯಾಸೆಟ್ಟು ಬೈಲಕುಪ್ಪೆ ಟಿಬೆಟ್ನೋರ ಅಂಗಡೀಲಿ ತಂದಿದ್ದಲ್ವಾ? ಹೊಗೆಸೊಪ್ಪು ಒಣಗ್ಸೋ ಬ್ಯಾರನ್‌ಗೆ ಸೌದೆ ಹಾಕ್ತಾ, ಒಂದಕ್ಷರ ತಿಳೀದೆ ಎಂಗ್ ಹಾಡ್ತಿದ್ದ ನನ್ಮಗ!"

"ಈಗ ಲಕ್ವ ಹೊಡ್ದು ಬಾಯೇ ಬಿದ್ದೋಗದೆ. ಹಳೇ ಹಾಡು ಕೇಳ್ಸಿ, ಮಾತು ಬಂದ್ರೂ ಬರ್ಬೋದು ಅಂದವ್ರೆ ಡಾಕ್ಟ್ರು."

ಅಂಗಡಿಯವನು ಒಂದು ಹಾಡು ಹಾಕಿದ. ತಲೆದೂಗುತ್ತಿದ್ದ ಪುಟ್ಟಸ್ವಾಮಿ ಬೆಚ್ಚಿದ.

"ಇದೇನ್ಲಾ, ಇನ್ನೂ ಹಾಡ್ತಾನೇ ಅವ್ನೆ! ನಮ್ದು ಇಲ್ಲಿಗೆ ನಿಂತು ಡ್ರಮ್ಮಿನ ಹಾಡು ಬತ್ತಿತ್ತಲ್ಲ?"

"ಟೇಪು ಸುತ್ತಾಕ್ಕಂಡಾಗ ನಾನೇ ಕತ್ತರ್ಸಿ ಅಂಟಿಸಿದ್ದೆ. ನಿಮ್ಗೆ ಹೇಳಿರ್ಲಿಲ್ಲ."

"ಥೂ ಕಳ್ಳ! ಇಷ್ಟ್ ವರ್ಸ ಅದನ್ನೇ ಪೂರ್ತಿ ಹಾಡು ಅನ್ಕಂಡಿದ್ವಲ್ಲೋ."

"ದಾಸನೂ ಅಂಗೇ ಅನ್ಕಂಡವ್ನೆ."

ಆಮೇಲೆ ಪುಟ್ಟಸ್ವಾಮಿಯೇ ಅಂಗಡಿಯವನಿಗೆ ಹೇಳಿದ.

"ಹನ್ನೆರಡು ಹಾಡು ಆರ್ಸಿ ಹಾಕಪ್ಪ. ಇದನ್ನ ಇಲ್ಲಿಗೇ ಕತ್ತರ್ಸಿ, ಡ್ರಮ್ಮಿಂದು ಅಂಟ್ಸು. ಅವ್ನಿಗೆ ಗೊತ್ತಿರೋದು ಹಿಂಗೇಯ; ಬಾಯಿ ತೆಗುದ್ರೆ ಇಲ್ಲೇ ತೆಗೀಬೇಕು."

ಸಿಂಧು ನೋಡುತ್ತಿದ್ದಂತೆ ಬಸ್ಸಿನ ಕಡೆ ನಡೆಯುತ್ತ ಇಬ್ಬರೂ ಅದೇ ರಾಗ ಗುನುಗಿದರು. ಟೇಪು ಕತ್ತರಿಸಿದ ಆ ಜಾಗ ಬಂದಾಗ ಒಟ್ಟಿಗೇ ನಿಲ್ಲಿಸಿದರು; ಜವರಪ್ಪ ಬಸ್ಸಿನ ತಗಡಿನ ಮೇಲೆ ಡ್ರಮ್ ಬಾರಿಸಿದ.