ಮಣ್ಣಿನ ಸಿಪಾಯಿಗಳ ಮುಂದೆ ನಾವಿಬ್ಬರು

…ಬೇಡ ಕಣೇ ರಾಜಿ, ಊಟ ಬೇಡ. ಪ್ಲೇನಲ್ಲಿ ಏನೇನೋ ತಿಂದು ಬಾಯೆಲ್ಲ ಕೆಟ್ಟುಹೋಗಿದೆ. ಎದ್ದೇಳ್ಬೇಡ, ಕಾಲು ಸ್ಟೂಲ್ ಮೇಲೇ ಇರ್ಲಿ! ಮಗನ ಮದುವೆಗೆ ಟಿಕೆಟ್ ಆದ್ಮೇಲೆ ಗರಾಜಲ್ಲಿ ಜಾರಿ ಕಾಲು ಮುರ್ಕೊಂಡೋಳು ಇಡೀ ಅಲೆನ್ ಊರಲ್ಲಿ ನೀನೊಬ್ಳೇ ಇರ್ಬೇಕು. ಸರಿ, ಸರಿ, ಬೇಕು ಅಂತ ಬೀಳ್ಲಿಲ್ಲ, ಗೊತ್ತು.

ಕೌಸ್ತುಭ್ ಫೋನ್ ಮಾಡಿದ್ನಾ? …ಹ್ಞೂಂ. ಸುಮ್ನೆ ಕೇಳ್ದೆ.

ಸೂಟ್‌ಕೇಸ್ ಅಲ್ಲೇ ಇರ್ಲಿ ಬಿಡು, ನಾಳೆ ನಾನೇ ತೆಗೀತೀನಿ. ಮೂವತ್ತು ವರ್ಷ ಟೆಕ್ಸಾಸಲ್ಲಿ ಕಾರ್ ಓಡಿಸ್ಕೊಂಡಿದ್ದ ಕಾಲು ನಂದು, ಚೀನಾದ ಶಿಯಾನ್‌ನಲ್ಲಿ ಸವೆದುಹೋಯ್ತು. ಬೀಗರ ಉಪಚಾರ ಅಂದ್ರೆ ಅದು ಕಣೇ! ಇಲ್ಲಿಂದ ಹೋದ ಗೆಸ್ಟ್‌ಗಳಿಗೆಲ್ಲ ಒಂದು ಬಸ್ಸು, ಹಳದಿ ಬಾವುಟ ಹಿಡ್ಕೊಂಡ ಗೈಡ್ ಹುಡುಗಿ ಒಬ್ಳು. ಹತ್ತಿ, ಇಳೀರಿ, ನೋಡಿ, ಹತ್ತಿ. ಊರ ಸುತ್ತ ಕೋಟೆ, ಅದರ ಮೇಲೆ ಎರಡು ಬಸ್ಸು ಎದುರುಬದುರು ಹೋಗೋಷ್ಟು ಜಾಗ. ಆಮೇಲೆ ಗಂಟೆ ಗೋಪುರ. ಆಮೇಲೆ ಅದ್ಯಾವುದೋ ಬುದ್ಧನ ಗುಡಿ, ಮೆಟ್ಟಿಲು ಹತ್ತಿ ಹತ್ತಿ ಪ್ರಾಣ ಹೋಯ್ತು. ನಮ್ಮ ಸೊಸೆ ಲಿನ್‌ಳ ಅಪ್ಪ ಪಾಪ, ನನ್ನ ಕೈ ಹಿಡ್ಕೊಂಡೇ ಹತ್ತಿಸಿದ್ರು. ಶ್ರೀಕಂಠಯ್ಯ ಅನ್ನೋಕೆ ನಾಲಿಗೆ ಹೊರಳಲ್ಲ ಅವರಿಗೆ. ಮಿಸ್ಟರ್ ಶ್ರೀ, ಮಿಸ್ಟರ್ ಶ್ರೀ ಅಂತ. ಒಳ್ಳೆ ಮನುಷ್ಯ. ಅಂಥವರ ಮನೆ ಹುಡುಗಿ ಬೇಡ ಅಂತ ಒಂದು ವರ್ಷ ಕೂಗಾಡಿದ್ನಲ್ಲ ನಾನು… ನಗ್ಬೇಡ. ಹೌದಪ್ಪಾ, ನೀನು ಹೇಳಿದ್ದೇ ಸರಿ.

ಮದುವೆ? ಆಯ್ತು. ಚೆನ್ನಾಗೇ ಆಯ್ತು. ಅವರಲ್ಲಿ ಟೀ ಕೊಡೋ ಶಾಸ್ತ್ರ ಅಂತ ಇದೆ. ಹುಡುಗ ಹುಡುಗಿ ಮಂಡಿಯೂರಿ ಅಪ್ಪ ಅಮ್ಮಂಗೆ ಟೀ ಕೊಡೋದು, ಅಪ್ಪ ಅಮ್ಮ ಕುಡಿದು ಆಶೀರ್ವಾದ ಮಾಡೋದು. ನಮಗೂ ಎರಡು ಕೆಂಪು ಕುರ್ಚಿ ಹಾಕಿದ್ರು. ಕುಡಿದೆ. ಹಾಲಿಲ್ಲ, ಸಕ್ಕರೆ ಇಲ್ಲ, ಬಿಸಿನೀರಿನ ಥರ ಇತ್ತು. ಅಕ್ಷತೆನೂ ಹಾಕಿದೆ, ನಿಂದೂ ಸೇರಿಸಿ.

ಅದಿರ್ಲಿ, ಮಣ್ಣಿನ ಸಿಪಾಯಿಗಳನ್ನ ನೀನು ನೋಡ್ಬೇಕಿತ್ತು! ಸಾಲು ಸಾಲು, ಸಾವಿರಾರು ಜನ. ಯಾವನೋ ರಾಜ ಸತ್ಮೇಲೂ ಕಾವಲಿಗಿರ್ಲಿ ಅಂತ ಮಾಡಿಸಿ ಹೂಳಿಸಿದ್ದು. ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಕಟಕಟೆ ಹಿಡ್ಕೊಂಡು ಸಂಜೆವರೆಗೂ ನಿಂತಿದ್ದೆ. ಜನ ನನ್ನೇ ನೋಡೋರು, ರೇಷ್ಮೆ ಜುಬ್ಬ ಹಾಕ್ಕೊಂಡು ಯಾರಪ್ಪಾ ಇವನು ಅಂತ…

ಏನು? ಯಾಕೆ ಹಾಗೆ ನೋಡ್ತೀ? ರೇಷ್ಮೆ ಜುಬ್ಬ ಅಂದ್ನಾ? …ಮದುವೆ ಮಾರನೇ ದಿನಾನೂ ಅದನ್ನೇ ಹಾಕ್ಕೊಂಡಿದ್ದೆ ಕಣೇ. ಬೇರೆ ಬಟ್ಟೆ ಕೊಳೆಯಾಗಿತ್ತು. ಅಷ್ಟೇ.

ರಾಜಿ, ಜಿಪ್ ಎಳೀಬೇಡ. ಹೇಳಿದ್ನಲ್ಲ, ಬರೀ ಕೊಳೆ ಬಟ್ಟೆ… ಬಗ್ಗಬೇಡ, ಕಾಲು! ಅಯ್ಯೋ ನಿನ್ನ ಹಠವೇ…

ಹ್ಞಾ. ನಿನ್ನ ಕರ್ಚೀಫೇ ಅದು. ಅಕ್ಷತೆ ಗಂಟೇ. ಏರ್‌ಪೋರ್ಟಲ್ಲಿ ಹಿಡೀತಾರೆ ಅಂದ್ರೂ ಕೇಳದೆ ಕಟ್ಟಿಕೊಟ್ಟಿದ್ಯಲ್ಲ, ಅದೇ. ಬಿಚ್ಚಿಲ್ಲ, ಹೌದು. ಮರೆತೋಯ್ತು! ಆ ಗಲಾಟೇಲಿ ಯಾರಿಗೆ ನೆನಪಿರುತ್ತೆ? ಅವರದೇ ಏನೋ ಅಕ್ಕಿ ಇತ್ತು, ಅದನ್ನೇ ಹಾಕಿ… ಯಾಕೆ ಫೋನ್ ಕಡೆ ನೋಡ್ದೆ? ಬೈದುಬಿಡು.

…ಫೋನ್ ಮಾಡಿದ್ದಾನೆ, ಅಲ್ವಾ? ಅಪ್ಪ ಮದುವೆ ಬಿಟ್ಟು ಎದ್ದುಹೋದ ಅಂದಿದ್ದಾನೆ. ಲಿನ್‌ಗೆ ಅವಮಾನ ಮಾಡಿದ ಅಂದಿದ್ದಾನೆ. ಅನ್ಲಿ. ಮೊದಲಿಂದ ಒಪ್ಪದೇ ಇದ್ದ ಮುದುಕ ಅಲ್ವಾ ನಾನು, ಅಲ್ಲಿದ್ದೋರೆಲ್ಲ ಹಾಗೇ ಅಂದ್ಕೊಂಡ್ರು. ನೀನೂ ಅಂದ್ಕೋ. ಆದ್ರೆ ಆ ಪಂಚೇಲಿ ಸುತ್ತಿರೋದನ್ನ ಮಾತ್ರ ಮುಟ್ಬೇಡ. ಕೇಳ್ತಿದ್ಯಾ? ಬಿಚ್ಚಬೇಡ ಅದನ್ನ. ಕೈ ಮುಗೀತೀನಿ ಕಣೇ…

ನಿಂದೇ ಫೋಟೋ. ಗ್ಯಾಲ್ವೆಸ್ಟನ್ ಬೀಚಲ್ಲಿ ಕೌಸ್ತುಭ್ ತೆಗೆದಿದ್ದು. ಬಿಸಿಲಿಗೆ ಕಣ್ಣು ಚಿಕ್ಕದು ಮಾಡ್ಕೊಂಡು ನಗ್ತಿದ್ದೀ ನೋಡು. ಅದನ್ನ ದೊಡ್ಡದು ಮಾಡ್ಸಿ, ಫ್ರೇಮ್ ಹಾಕ್ಸಿ, ನಿನ್ನ ಕುರ್ಚಿ ಮೇಲೆ ಇಟ್ಟಿದ್ದ. ಅಮ್ಮ ಇಲ್ದಿದ್ರೂ ಅಮ್ಮನ ಮುಂದೇನೇ ಮಂಡಿಯೂರ್ಬೇಕು ಅಂತ. ಇಟ್ಟಿದ್ರೆ ಇಡ್ಲಿ… ಅದಕ್ಕೊಂದು ಹಾರ ಹಾಕಿದ್ದ, ರಾಜಿ! ಬಿಳಿ ಹೂವಿನ ಹಾರ. ಊದುಬತ್ತಿ ಬೇರೆ. ನನ್ನ ಕರ್ಕೊಂಡು ಬಂದು, ಸರ್ಪ್ರೈಸ್ ಅಪ್ಪಾ ಅಂದ.

ಅವನಿಗೇನು ಗೊತ್ತು? ಇಲ್ಲೇ ಪಕ್ಕದ ರಿಚರ್ಡ್‌ಸನ್‌ನಲ್ಲಿ ಹುಟ್ಟಿದ ಹುಡುಗ. ಅವನು ನೋಡಿರೋ ಹಾರ ಅಂದ್ರೆ ನಮ್ಮ ದೇವರ ಮನೇಲಿ ನಮ್ಮಮ್ಮನ ಫೋಟೋಗೆ, ನಿಮ್ಮಪ್ಪನ ಫೋಟೋಗೆ ಹಾಕಿರೋದು. ದೊಡ್ಡೋರಿಗೆ ಮರ್ಯಾದೆ ಅಂದ್ರೆ ಹೀಗೇ ಅಂದ್ಕೊಂಡಿದ್ದಾನೆ. ಹೇಳೋಕಾಗುತ್ತಾ, ಅಷ್ಟು ಖುಷೀಲಿ ನಿಂತಿರೋನಿಗೆ? ಬದುಕಿರೋ ಅಮ್ಮಂಗೆ ಹಾರ ಹಾಕಿದ್ಯಲ್ಲೋ ಅಂತ? ಹೇಳಿದ್ರೆ ಜೀವ ಇರೋತನಕ ಅವನಿಗೆ ಮದುವೆ ದಿನ ಅಂದ್ರೆ ಅದೇ ನೆನಪಾಗುತ್ತೆ.

ನಂಗೂ ಕೂರೋಕಾಗ್ಲಿಲ್ಲ. ಪಕ್ಕದಲ್ಲಿ ನೀನು ಹಾಗೆ… ಹಾರ ಕಿತ್ತು ಹಾಕಿ, ನಿನ್ನನ್ನ ಕಂಕುಳಲ್ಲಿ ಇಟ್ಕೊಂಡು ಆಚೆ ನಡೆದೆ. ಸಿಕ್ಕಿದ ಟ್ಯಾಕ್ಸಿ ಹತ್ತಿದೆ. ಡ್ರೈವರ್‌ಗೆ ಇಂಗ್ಲಿಷ್ ಬರಲ್ಲ, ವಿದೇಶದೋನು ಅಂತ ಸಿಪಾಯಿಗಳ ಹತ್ರ ಇಳಿಸಿದ. ಸಂಜೆವರೆಗೂ ಇಬ್ರೂ ನಿಂತು ನೋಡಿದ್ವಿ. ಆ ಮೂಗು ನೋಡೇ, ಈ ಮೀಸೆ ನೋಡೇ ಅಂತ ನಿಂಗೆ ಹೇಳ್ತಾನೇ ಇದ್ದೆ. ಜನ ನೋಡಿದ್ದು ಜುಬ್ಬಾನ ಅಲ್ಲ ಕಣೇ.

…ನನ್ನ ಬೈಕೊಳ್ಲಿ ಬಿಡು ಅವನು. ಅಪ್ಪನ ಮೇಲಿನ ಸಿಟ್ಟು ಇವತ್ತಲ್ಲ ನಾಳೆ ಇಳಿಯುತ್ತೆ. ನೀನು ಅವನಿಗೆ ಹೇಳಬೇಡ. ಹೇಳಲ್ಲ ತಾನೇ?

ರಾಜಿ? ಯಾಕೆ ಅದನ್ನೇ ನೋಡ್ತಾ ಕೂತೆ? ಕೆಳಗಿಡು. ಅಳು, ನಗು, ಬೈ, ಏನಾದ್ರೂ ಮಾಡು. ಹಾಗೆ ಸುಮ್ನೆ ಕೂತ್ಕೋಬೇಡ ಕಣೇ. ನಂಗೆ ಆ ಕುರ್ಚಿನೇ ಕಣ್ಮುಂದೆ ಬರುತ್ತೆ.

ಮಾತಾಡೇ.